ದಾರಿಯಲ್ಲಿ ಕರಗುವ ವಿದ್ಯುತ್ತು

ನಾಲೆಯ ನೀರಿನಿಂದ ಬೇಸಾಯ ಮಾಡುವ ಊರುಗಳಲ್ಲಿ ಒಂದು ಸಂಗತಿ ಎಲ್ಲರಿಗೂ ತಿಳಿದದ್ದೇ: ತೂಬಿನ ಬಾಯಲ್ಲಿ ಬಿಟ್ಟ ನೀರೆಲ್ಲವೂ ಕೊನೆಯ ಗದ್ದೆಯನ್ನು ಮುಟ್ಟುವುದಿಲ್ಲ. ನೆಲ ಕುಡಿದಷ್ಟು, ಬಿಸಿಲು ಹೀರಿದಷ್ಟು, ನಡುದಾರಿಯಲ್ಲಿ ಯಾರೋ ಸದ್ದಿಲ್ಲದೆ ತಿರುಗಿಸಿಕೊಂಡಷ್ಟು ಕಳೆದು ಉಳಿದದ್ದು ಕಡೆಯವನ ಪಾಲಿಗೆ. ವಿದ್ಯುಚ್ಛಕ್ತಿಯ ಪಾಡೂ ಹೆಚ್ಚುಕಡಮೆ ಇದೇ. ಜಲಪಾತದ ಬುಡದಲ್ಲಿಯೋ ಕಲ್ಲಿದ್ದಲಿನ ಗಣಿಯ ಬಳಿಯಲ್ಲಿಯೋ ಹುಟ್ಟುವ ಶಕ್ತಿಯು ನೂರಾರು ಕಿಲೋಮೀಟರು ತಂತಿಯ ಮೇಲೆ ಹಾದು ನಮ್ಮ ಮನೆಯ ದೀಪವನ್ನು ತಲಪುವ ಹೊತ್ತಿಗೆ ಅದರಲ್ಲಿ ಒಂದು ಪಾಲು ದಾರಿಯಲ್ಲಿಯೇ ಕರಗಿಹೋಗಿರುತ್ತದೆ. ಈ ಪಾಲು ಎಷ್ಟು, ಅದು ಎಲ್ಲಿಗೆ ಹೋಗುತ್ತದೆ, ಅದಕ್ಕೆ ಬೆಲೆ ತೆರುವವರು ಯಾರು, ಅದನ್ನು ಕಡಮೆ ಮಾಡಲು ಎಂಜಿನಿಯರುಗಳು ಏನೇನು ಉಪಾಯಗಳನ್ನು ಹೂಡಿದ್ದಾರೆ ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಈ ಪ್ರಶ್ನೆಯ ಚರಿತ್ರೆಯಲ್ಲಿ ನಮ್ಮ ನಾಡಿಗೆ ಒಂದು ಗೌರವದ ಸ್ಥಾನವುಂಟು. ಕೋಲಾರದ ಚಿನ್ನದ ಗಣಿಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಯಂತ್ರಗಳನ್ನು ನಡೆಸುತ್ತಿದ್ದುದು ಉಗಿ. ಉಗಿಗೆ ಸೌದೆಯೂ ಕಲ್ಲಿದ್ದಲೂ ಬೇಕು, ಎರಡೂ ದುಬಾರಿ. ಇತ್ತ ಶಿವನಸಮುದ್ರದಲ್ಲಿ ಕಾವೇರಿಯು ಯಾರಿಗೂ ಉಪಯೋಗವಿಲ್ಲದೆ ಧುಮುಕುತ್ತಿದ್ದಳು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಇವೆರಡನ್ನೂ ಜೋಡಿಸುವ ಯೋಜನೆ ಸಿದ್ಧವಾಯಿತು. ಮೈಸೂರು ಸಂಸ್ಥಾನದ ಎಂಜಿನಿಯರಾಗಿದ್ದ ಜೋಲಿ ಡಿ ಲಾಟ್‌ಬಿನಿಯರ್ ಎಂಬವರು ಯೂರೋಪು ಅಮೆರಿಕಗಳಿಗೆ ಹೋಗಿ ಅಲ್ಲಿನ ವಿದ್ಯುದಾಗಾರಗಳನ್ನು ಕಣ್ಣಾರೆ ಕಂಡು ಬಂದರು. ಟರ್ಬೈನುಗಳು ಸ್ವಿಟ್ಜರ್ಲೆಂಡಿನಿಂದ ಬಂದುವು, ವಿದ್ಯುದ್ಯಂತ್ರಗಳು ಅಮೆರಿಕದಿಂದ. 1902ನೆಯ ಇಸವಿಯ ಜೂನ್ ತಿಂಗಳ ಕೊನೆಯಲ್ಲಿ ಶಿವನಸಮುದ್ರದ ವಿದ್ಯುತ್ತು 92 ಮೈಲಿ, ಅಂದರೆ ಸುಮಾರು 147 ಕಿಲೋಮೀಟರು, ದಾರಿ ನಡೆದು ಕೋಲಾರದ ಗಣಿಗಳನ್ನು ಮುಟ್ಟಿತು. ಆ ಕಾಲಕ್ಕೆ ಜಗತ್ತಿನ ಅತ್ಯಂತ ಉದ್ದವಾದ ವಿದ್ಯುನ್ಮಾರ್ಗಗಳಲ್ಲಿ ಇದೂ ಒಂದು. ಯೋಜನೆಗೆ ಬೆಂಬಲವಾಗಿ ನಿಂತಿದ್ದ ಶೇಷಾದ್ರಿ ಅಯ್ಯರ್ ಅವರು ಅದನ್ನು ನೋಡಲು ಉಳಿದಿರಲಿಲ್ಲ, 1901ರಲ್ಲಿಯೇ ತೀರಿಕೊಂಡಿದ್ದರು.

ಆ ದಾರಿಯನ್ನು ಎದುರಿಗಿಟ್ಟುಕೊಂಡೇ ನಮ್ಮ ಲೆಕ್ಕವನ್ನು ಮಾಡೋಣ.

ನಷ್ಟವೆಂದರೇನು?

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಕಳೆದುಕೊಳ್ಳಬೇಕು. ನಾಲೆಯ ಹೋಲಿಕೆಯನ್ನು ಕೊಟ್ಟೆನಷ್ಟೆ. ಅದು ಒಂದು ಮಟ್ಟಿಗೆ ಮಾತ್ರ ಸರಿ. ನಾಲೆಯಲ್ಲಿ ನೀರಿನ ಮೊತ್ತವೇ ಕಡಮೆಯಾಗುತ್ತದೆ. ತಂತಿಯಲ್ಲಿ ಹಾಗಲ್ಲ. ಈ ತುದಿಯಲ್ಲಿ ಹೊಕ್ಕ ಪ್ರವಾಹವು ಆ ತುದಿಯಲ್ಲಿ ಬಹುಮಟ್ಟಿಗೆ ಅಷ್ಟೇ ಹೊರಬರುತ್ತದೆ. ಇಲ್ಲಿ 50 ಆಂಪೇರ್ ಹೊಕ್ಕರೆ ಅಲ್ಲಿಯೂ 50 ಆಂಪೇರ್. ಹಾಗಾದರೆ ಕಳೆದುಹೋದದ್ದು ಏನು? ಒತ್ತಡ. ಹೊರಟಾಗ ಇದ್ದ ವೋಲ್ಟುಗಳೆಲ್ಲವೂ ತಲಪಿದಾಗ ಉಳಿದಿರುವುದಿಲ್ಲ. ಶಕ್ತಿಯೆಂಬುದು ಒತ್ತಡ ಮತ್ತು ಪ್ರವಾಹಗಳ ಗುಣಲಬ್ಧವಾದುದರಿಂದ, ಒತ್ತಡವು ತಗ್ಗಿದಷ್ಟೂ ಶಕ್ತಿಯೂ ತಗ್ಗುತ್ತದೆ.

ತಗ್ಗಿದ ಶಕ್ತಿಯು ನಾಶವಾಗುವುದಿಲ್ಲ. ತಂತಿಯನ್ನು ಬಿಸಿಮಾಡುತ್ತದೆ, ತಂತಿಯು ಸುತ್ತಲಿನ ಗಾಳಿಯನ್ನು ಬಿಸಿಮಾಡುತ್ತದೆ. ಲೋಹದಲ್ಲಿ ಸಾಗುವ ಎಲೆಕ್ಟ್ರಾನುಗಳು ಪರಮಾಣುಗಳ ಜಾಲಕ್ಕೆ ಡಿಕ್ಕಿಹೊಡೆಯುತ್ತ ತಮ್ಮ ಚಲನಶಕ್ತಿಯನ್ನು ಅದಕ್ಕೆ ಕೊಟ್ಟುಬಿಡುತ್ತವೆ. ಇದನ್ನೇ ನಾವು ತಂತಿಯ ರೋಧವೆನ್ನುತ್ತೇವೆ. ಹೀಗೆ ಹುಟ್ಟುವ ಉಷ್ಣವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆಂಬುದನ್ನು ಇಂಗ್ಲೆಂಡಿನ ಜೇಮ್ಸ್ ಜೂಲ್ 1841ರಲ್ಲಿ ಪ್ರಕಟಿಸಿದನು. ಪ್ರವಾಹವನ್ನು ಅದರಿಂದಲೇ ಗುಣಿಸಿ, ಬಂದುದನ್ನು ರೋಧದಿಂದ ಗುಣಿಸಿದರೆ ನಷ್ಟವು ವಾಟುಗಳಲ್ಲಿ ದೊರೆಯುತ್ತದೆ. ಪ್ರವಾಹವು ಇಮ್ಮಡಿಸಿದರೆ ನಷ್ಟವು ನಾಲ್ಮಡಿ. ಮುಮ್ಮಡಿಸಿದರೆ ಒಂಬತ್ತು ಮಡಿ. ಈ 'ವರ್ಗ' ಎಂಬ ಒಂದು ಪದದಲ್ಲಿ ವಿದ್ಯುತ್ ಸಾಗಣೆಯ ಅರ್ಧ ಶಾಸ್ತ್ರವೇ ಅಡಗಿದೆಯೆಂದರೆ ತಪ್ಪಾಗಲಾರದು.

ಈಗ ಕೋಲಾರದ ದಾರಿಗೆ ಬರೋಣ. ಸಾಗಿಸಬೇಕಾದುದು 3,000 ಕಿಲೋವಾಟ್ ಎಂದು ಇಟ್ಟುಕೊಳ್ಳೋಣ. ಇದು ಸುಮಾರು 4,000 ಅಶ್ವಶಕ್ತಿ. ಮೂರು ಫೇಸಿನ ಮೂರು ತಾಮ್ರದ ತಂತಿಗಳು. ಒಂದೊಂದರ ಅಡ್ಡಕೊಯ್ತ 50 ಚದರ ಮಿಲಿಮೀಟರು, ಎಂದರೆ ಎಂಟು ಮಿಲಿಮೀಟರು ವ್ಯಾಸ, ಕಿರುಬೆರಳಿಗಿಂತಲೂ ತೆಳು. ತಂತಿಯ ಗಾತ್ರ ಲೆಕ್ಕಕ್ಕಾಗಿ ನಾನು ಆರಿಸಿಕೊಂಡದ್ದು. ವಾಚಕರು ಬೇರೊಂದನ್ನು ಹಿಡಿದು ಮಾಡಿನೋಡಬಹುದು. ಇಂಥ ತಂತಿಯ 147 ಕಿಲೋಮೀಟರಿಗೆ ರೋಧವು ಸುಮಾರು 51 ಓಮ್ ಆಗುತ್ತದೆ.

ಶಕ್ತಿಯನ್ನು 2,200 ವೋಲ್ಟ್ ಒತ್ತಡದಲ್ಲಿ ಕಳುಹಿಸುವೆವೆಂದರೆ ಪ್ರತಿ ತಂತಿಯಲ್ಲಿ 787 ಆಂಪೇರ್ ಹರಿಯಬೇಕು. ಅಷ್ಟು ಪ್ರವಾಹವನ್ನು 51 ಓಮ್ ರೋಧದ ಮೂಲಕ ನೂಕಲು ತಂತಿಯೊಂದಕ್ಕೇ 39,000ಕ್ಕೂ ಹೆಚ್ಚು ವೋಲ್ಟ್ ಬೇಕು, ನಮ್ಮಲ್ಲಿರುವುದೋ 2,200. ನಷ್ಟದ ಲೆಕ್ಕ ಹಾಕಿದರೆ 94,000 ಕಿಲೋವಾಟ್ ಬರುತ್ತದೆ. ಮೂರು ಸಾವಿರವನ್ನು ಕಳುಹಿಸಿ ತೊಂಬತ್ತನಾಲ್ಕು ಸಾವಿರವನ್ನು ಕಳೆದುಕೊಳ್ಳುವುದು ಹೇಗೆ? ಸಾಧ್ಯವಿಲ್ಲ. ಈ ಒತ್ತಡದಲ್ಲಿ ಈ ತಂತಿಯ ಮೇಲೆ ಇಷ್ಟು ಶಕ್ತಿಯು ಕೋಲಾರವನ್ನು ಮುಟ್ಟಲಾರದೆಂಬುದೇ ಇದರ ಅರ್ಥ.

ಅದೇ ಶಕ್ತಿಯನ್ನು 35,000 ವೋಲ್ಟ್ ಒತ್ತಡದಲ್ಲಿ ಕಳುಹಿಸಿದರೆ ಪ್ರವಾಹವು 50 ಆಂಪೇರಿಗಿಂತ ತುಸು ಕಡಮೆ. ನಷ್ಟ ಸುಮಾರು 370 ಕಿಲೋವಾಟ್, ನೂರಕ್ಕೆ ಹನ್ನೆರಡರಷ್ಟು. ಶಿವನಸಮುದ್ರದ ಮಾರ್ಗವು ಮೊದಲಲ್ಲಿ ನಡೆದದ್ದು ಸುಮಾರು ಈ ಒತ್ತಡದಲ್ಲಿಯೇ. ಅನಂತರದ ವರ್ಷಗಳಲ್ಲಿ ಅಲ್ಲಿಯ ಒತ್ತಡವನ್ನು 78,000 ವೋಲ್ಟಿಗೆ ಏರಿಸಿದರು. ನಮ್ಮ ಲೆಕ್ಕದಲ್ಲಿಯೂ ಏರಿಸಿ ನೋಡಿದರೆ ಪ್ರವಾಹ 22 ಆಂಪೇರ್, ನಷ್ಟ 75 ಕಿಲೋವಾಟ್, ನೂರಕ್ಕೆ ಎರಡೂವರೆ. ತಂತಿ ಅದೇ, ದೂರ ಅದೇ, ಸಾಗಿದ ಶಕ್ತಿಯೂ ಅದೇ.

'ಒತ್ತಡವನ್ನು ಏರಿಸುವ ಬದಲು ತಂತಿಯನ್ನು ದಪ್ಪಮಾಡಿದರಾಗದೆ?' ಎಂದು ಯಾರಾದರೂ ಕೇಳಬಹುದು. ಆಗುತ್ತದೆ. 2,200 ವೋಲ್ಟಿನಲ್ಲಿಯೇ ಕಳುಹಿಸಿ ನಷ್ಟವನ್ನು ನೂರಕ್ಕೆ ಹನ್ನೆರಡಕ್ಕೆ ಇಳಿಸಬೇಕಾದರೆ ತಂತಿಯ ಅಡ್ಡಕೊಯ್ತವನ್ನು 253 ಮಡಿ ಹೆಚ್ಚಿಸಬೇಕು. ಆಗ ಅದು ತಂತಿಯಾಗಿ ಉಳಿಯದೆ ಹನ್ನೆರಡು ಮುಕ್ಕಾಲು ಸೆಂಟಿಮೀಟರು ದಪ್ಪದ ತಾಮ್ರದ ಕಂಬವಾಗುತ್ತದೆ. ಅಂಥ ಮೂರು ಕಂಬಗಳನ್ನು ಶಿವನಸಮುದ್ರದಿಂದ ಕೋಲಾರದವರೆಗೆ ಮಲಗಿಸಲು ಸುಮಾರು 50,000 ಟನ್ ತಾಮ್ರ ಬೇಕು. ಎಂಟು ಮಿಲಿಮೀಟರಿನ ತಂತಿಗಾದರೆ 200 ಟನ್ನು ಸಾಕು. ಗಣಿಯಲ್ಲಿ ಬೆಳೆಯುವ ಚಿನ್ನವನ್ನೆಲ್ಲ ಮಾರಿ ತಾಮ್ರವನ್ನು ಕೊಳ್ಳಬೇಕಾಗುತ್ತಿತ್ತೋ ಏನೋ.

ಒತ್ತಡವನ್ನು ಏರಿಸಿ ಇಳಿಸುವ ಕಲೆ

ಈ ಸತ್ಯವನ್ನು ಮೊದಲಿನ ಪ್ರಯೋಗಶೀಲರು ಕಷ್ಟಪಟ್ಟೇ ಕಲಿತರು. 1882ರಲ್ಲಿ ಫ್ರಾನ್ಸಿನ ಮಾರ್ಸೆಲ್ ಡೆಪ್ರೇ ಮತ್ತು ಜರ್ಮನಿಯ ಆಸ್ಕರ್ ಫಾನ್ ಮಿಲ್ಲರ್ ಇಬ್ಬರೂ ಸೇರಿ ಮೀಸ್‌ಬಾಖ್ ಎಂಬ ಊರಿನಿಂದ ಮ್ಯೂನಿಕ್ ನಗರಕ್ಕೆ 57 ಕಿಲೋಮೀಟರು ದೂರ ಟೆಲಿಗ್ರಾಫಿನ ತಂತಿಯ ಮೇಲೆ ಏಕಮುಖ ಪ್ರವಾಹವನ್ನು ಸಾಗಿಸಿದರು. ಕಳುಹಿಸಿದ ಅಲ್ಪ ಶಕ್ತಿಯಲ್ಲಿ ಬಹುಪಾಲು ದಾರಿಯಲ್ಲಿಯೇ ಹೋಯಿತು. ಅಂದಿನ ದಿನಗಳಲ್ಲಿ ಏಕಮುಖ ಪ್ರವಾಹದ ಒತ್ತಡವನ್ನು ಬೇಕಾದಂತೆ ಏರಿಸುವ ಸುಲಭ ಸಾಧನವಿರಲಿಲ್ಲ. ಪರ್ಯಾಯ ಪ್ರವಾಹಕ್ಕಾದರೋ ಟ್ರಾನ್ಸ್‌ಫಾರ್ಮರು ಎಂಬ ಅದ್ಭುತ ಸಾಧನ ದೊರೆತಿತ್ತು. ಕಬ್ಬಿಣದ ಒಂದೇ ತಿರುಳಿಗೆ ಎರಡು ಸುರುಳಿಗಳು. ಒಂದರಲ್ಲಿ ನೂರು ಸುತ್ತು, ಇನ್ನೊಂದರಲ್ಲಿ ಸಾವಿರ ಸುತ್ತು ಇದ್ದರೆ ಒತ್ತಡವು ಹತ್ತು ಮಡಿಯಾಗುತ್ತದೆ, ಪ್ರವಾಹವು ಹತ್ತನೆಯ ಒಂದು ಪಾಲಾಗುತ್ತದೆ. ಚಲಿಸುವ ಭಾಗವೊಂದೂ ಇಲ್ಲ. ಹೊರಡುವ ಕಡೆ ಏರಿಸಿ, ತಲಪುವ ಕಡೆ ಇಳಿಸಿದರಾಯಿತು.

ಅದೇ ಫಾನ್ ಮಿಲ್ಲರ್ 1891ರಲ್ಲಿ ಫ್ರಾಂಕ್‌ಫರ್ಟಿನ ವಸ್ತುಪ್ರದರ್ಶನಕ್ಕಾಗಿ ನೆಕರ್ ನದಿಯ ದಡದ ಲೌಫನ್ ಎಂಬಲ್ಲಿಂದ 175 ಕಿಲೋಮೀಟರು ದೂರ ಮೂರು ಫೇಸಿನ ಪರ್ಯಾಯ ಪ್ರವಾಹವನ್ನು ತರಿಸಿ ತೋರಿಸಿದನು. ಒತ್ತಡವು 15,000 ವೋಲ್ಟ್. ಹೊರಟ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಬಂದು ಮುಟ್ಟಿತು. ಪ್ರದರ್ಶನದಲ್ಲಿ ಸಾವಿರ ದೀಪಗಳನ್ನು ಬೆಳಗಿಸಿದುದಲ್ಲದೆ, ಆ ವಿದ್ಯುತ್ತಿನಿಂದ ಪಂಪನ್ನು ನಡೆಸಿ ಒಂದು ಕೃತಕ ಜಲಪಾತವನ್ನೂ ಹರಿಸಿದರು. ದೂರದ ನದಿಯ ಬಲವೇ ತಂತಿಯ ಮೇಲೆ ಬಂದು ಇಲ್ಲಿ ಮತ್ತೆ ನೀರಾಗಿ ಧುಮುಕಿತೆಂಬಂತೆ ಜನರು ಅದನ್ನು ನಿಂತು ನೋಡಿದರು. ಆ ಪ್ರದರ್ಶನವಾಗಿ ಹನ್ನೊಂದೇ ವರ್ಷಕ್ಕೆ ಮೈಸೂರಿನವರು ಅದಕ್ಕಿಂತ ಎರಡು ಮಡಿಗೂ ಹೆಚ್ಚಿನ ಒತ್ತಡದಲ್ಲಿ, ಬಿಸಿಲು ಮಳೆಗಳಲ್ಲಿ, ಹಗಲಿರುಳೂ ನಡೆಯುವ ಮಾರ್ಗವನ್ನು ನಿರ್ಮಿಸಿದರೆಂಬುದನ್ನು ನೆನೆದಾಗ ಆ ಸಾಹಸದ ಅಳತೆ ತಿಳಿಯುತ್ತದೆ.

ಆದರೆ ಹೆಚ್ಚಿನ ಒತ್ತಡಕ್ಕೆ ಒಂದು ಕಹಿಯ ಮಗ್ಗುಲೂ ಇದೆ. ಆ ಮಾರ್ಗವು ಎಷ್ಟೋ ಹಳ್ಳಿಗಳ ನೆತ್ತಿಯ ಮೇಲೆ ಹಾದುಹೋಯಿತು. ಆ ಹಳ್ಳಿಗಳಲ್ಲಿ ಹರಳೆಣ್ಣೆಯ ದೀಪವೇ ಉರಿಯುತ್ತಿತ್ತು. ಬೆಂಗಳೂರಿನ ಬೀದಿಗೂ ವಿದ್ಯುದ್ದೀಪ ಬಂದದ್ದು 1905ರಲ್ಲಿ, ಗಣಿಗಿಂತ ಮೂರು ವರ್ಷ ತಡವಾಗಿ. ಮೇಲಿನ ತಂತಿಗೆ ಒಂದು ಕೊಂಡಿಹಾಕಿ ಹಳ್ಳಿಗೆ ಬೆಳಕು ಕೊಡಬಾರದಿತ್ತೆ ಎಂದು ಕೇಳಬಹುದು. ಮೂವತ್ತೈದು ಸಾವಿರ ವೋಲ್ಟನ್ನು ಮನೆಗೆ ತರುವಂತಿಲ್ಲ. ಪ್ರತಿಯೊಂದು ಹಳ್ಳಿಗೂ ಅಷ್ಟು ಒತ್ತಡವನ್ನು ತಡೆಯಬಲ್ಲ ಟ್ರಾನ್ಸ್‌ಫಾರ್ಮರು, ಸ್ವಿಚ್ಚುಗಳು, ಕಾವಲು ಬೇಕು. ಹತ್ತಿಪ್ಪತ್ತು ದೀಪಗಳಿಂದ ಬರುವ ಹಣದಲ್ಲಿ ಅದರ ಬಡ್ಡಿಯೂ ಹುಟ್ಟುವುದಿಲ್ಲ. ದೂರಕ್ಕೆ ಅಗ್ಗವಾಗಿ ಸಾಗಿಸುವ ಒತ್ತಡವು ದಾರಿಯಲ್ಲಿರುವವನಿಗೆ ಅತಿ ದುಬಾರಿ. ಹೆದ್ದಾರಿಯ ರೈಲು ಸಣ್ಣ ಊರಿನಲ್ಲಿ ನಿಲ್ಲದಿರುವಂತೆಯೇ ಇದೂ.

ನಷ್ಟಕ್ಕೆ ಬೆಲೆ ಕಟ್ಟುವುದು

ಒಂದು ಮಾರ್ಗದಲ್ಲಿ ಸದಾಕಾಲ ಒಂದು ಸಾವಿರ ಕಿಲೋವಾಟ್, ಅಂದರೆ ಒಂದು ಮೆಗಾವಾಟ್, ನಷ್ಟವಾಗುತ್ತಿದೆಯೆಂದು ಇಟ್ಟುಕೊಳ್ಳಿ. ದೊಡ್ಡ ಮಾರ್ಗಗಳಿಗೆ ಇದೇನೂ ದೊಡ್ಡ ಮೊತ್ತವಲ್ಲ. ವರುಷಕ್ಕೆ 8,760 ಗಂಟೆಗಳು; 87 ಲಕ್ಷದ 60 ಸಾವಿರ ಯೂನಿಟ್ಟು ಗಾಳಿಗೆ ಹೋಯಿತು. ಯೂನಿಟ್ಟಿಗೆ ನಾಲ್ಕು ರೂಪಾಯಿಯಂತೆ ಹಿಡಿದರೆ ಮೂರೂವರೆ ಕೋಟಿ ರೂಪಾಯಿ. ಇಷ್ಟನ್ನು ಕಲ್ಲಿದ್ದಲಿನಿಂದ ಉತ್ಪಾದಿಸಿದ್ದರೆ, ಯೂನಿಟ್ಟಿಗೆ ಸುಮಾರು 700 ಗ್ರಾಮಿನಂತೆ, ಆರು ಸಾವಿರ ಟನ್ನಿಗೂ ಮೀರಿ ಕಲ್ಲಿದ್ದಲನ್ನು ಸುಟ್ಟಂತಾಯಿತು. ಒಂದೂವರೆ ಸರಕು ರೈಲಿನ ತುಂಬ. ಅದರ ಹೊಗೆಯೂ ಬೂದಿಯೂ ಬೇರೆ. ಇದಲ್ಲದೆ, ಕಳೆದುಹೋಗುವ ಆ ಒಂದು ಮೆಗಾವಾಟನ್ನು ಹುಟ್ಟಿಸಲು ಯಂತ್ರವೊಂದನ್ನು ಕಟ್ಟಿರಲೇಬೇಕಷ್ಟೆ. ಅದರ ಬಂಡವಾಳವೂ ಲೆಕ್ಕಕ್ಕೆ ಸೇರಬೇಕು. ಇದನ್ನೆಲ್ಲ ಕೊನೆಗೆ ತೆರುವವರು ಬಳಕೆದಾರರೇ. ಕಳೆದುಹೋದ ಯೂನಿಟ್ಟುಗಳ ವೆಚ್ಚವನ್ನು ಉಳಿದ ಯೂನಿಟ್ಟುಗಳ ಮೇಲೆ ಹಂಚಿಯೇ ದರವನ್ನು ಗೊತ್ತುಮಾಡುತ್ತಾರೆ.

ಹೀಗಿರುವಾಗ ನಷ್ಟವನ್ನು ಪೂರ್ಣವಾಗಿ ಇಲ್ಲವಾಗಿಸಲು ಯತ್ನಿಸುವುದೇ ಬುದ್ಧಿವಂತಿಕೆಯೆಂದು ತೋರಬಹುದು. ಅಲ್ಲವೆಂದು ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವನು) 1881ರಲ್ಲಿಯೇ ತೋರಿಸಿಕೊಟ್ಟನು. ತಂತಿಯು ತೆಳುವಾಗಿದ್ದರೆ ಬಂಡವಾಳ ಕಡಮೆ, ನಷ್ಟ ಹೆಚ್ಚು. ದಪ್ಪವಾದರೆ ನಷ್ಟ ಕಡಮೆ, ಬಂಡವಾಳದ ಬಡ್ಡಿ ಹೆಚ್ಚು. ಒಂದು ತೆಳು ತಂತಿಗೆ ವರ್ಷಕ್ಕೆ ಬಡ್ಡಿ ಒಂದು ಕೋಟಿ, ನಷ್ಟವಾದ ಶಕ್ತಿಯ ಬೆಲೆ ನಾಲ್ಕು ಕೋಟಿ ಎಂದಿಟ್ಟುಕೊಂಡರೆ ಒಟ್ಟು ಐದು ಕೋಟಿ. ಅಡ್ಡಕೊಯ್ತವನ್ನು ಇಮ್ಮಡಿಸಿದರೆ ಬಡ್ಡಿ ಎರಡು, ನಷ್ಟ ಎರಡು, ಒಟ್ಟು ನಾಲ್ಕು. ಮತ್ತೊಮ್ಮೆ ಇಮ್ಮಡಿಸಿದರೆ ಬಡ್ಡಿ ನಾಲ್ಕು, ನಷ್ಟ ಒಂದು. ಒಟ್ಟು ಪುನಃ ಐದು. ಬಡ್ಡಿಯೂ ನಷ್ಟವೂ ಸಮನಾದ ಕಡೆ ಒಟ್ಟು ವೆಚ್ಚ ಅತ್ಯಲ್ಪ. ಎಷ್ಟು ಸರಳ! ಕಲನಶಾಸ್ತ್ರವನ್ನು ಓದಿರುವ ಕಾಲೇಜಿನ ವಿದ್ಯಾರ್ಥಿಗಳು ಇದನ್ನು ಎರಡು ಸಾಲುಗಳಲ್ಲಿ ಸಾಧಿಸಬಹುದು. ಕಂಬ, ಗೋಪುರ, ಜಮೀನು, ಏರುವ ಇಳಿಯುವ ದರಗಳು ಇವನ್ನೆಲ್ಲ ಸೇರಿಸಿದಾಗ ಇಂದಿನ ಲೆಕ್ಕವು ಇಷ್ಟು ಚೊಕ್ಕವಾಗಿ ಉಳಿಯುವುದಿಲ್ಲ. ಆದರೂ ತತ್ತ್ವವು ಇದೇ. ಆದಕಾರಣ ದಾರಿಯಲ್ಲಿ ಶಕ್ತಿಯು ಸ್ವಲ್ಪ ಕರಗುತ್ತಿದೆಯೆಂದ ಮಾತ್ರಕ್ಕೆ ಎಂಜಿನಿಯರನು ತಪ್ಪಿದನೆಂದು ಹೇಳುವಂತಿಲ್ಲ. ಅವನು ಆ ನಷ್ಟವನ್ನು ಬೇಕೆಂದೇ ಆರಿಸಿಕೊಂಡಿರಬಹುದು.

ಪ್ರವಾಹದ ವರ್ಗದ ನಿಯಮದಿಂದ ಇನ್ನೊಂದು ವಿಚಿತ್ರ ಫಲ ಹುಟ್ಟುತ್ತದೆ. ಒಂದು ತಂತಿಯಲ್ಲಿ ದಿನವೆಲ್ಲ 100 ಆಂಪೇರ್ ಹರಿಯುತ್ತದೆ. ಇನ್ನೊಂದರಲ್ಲಿ ಹನ್ನೆರಡು ಗಂಟೆ 200 ಆಂಪೇರ್, ಉಳಿದ ಹನ್ನೆರಡು ಗಂಟೆ ಏನೂ ಇಲ್ಲ. ಎರಡೂ ಹೊತ್ತ ಭಾರ ಒಂದೇ. ನಷ್ಟವು ಮಾತ್ರ ಎರಡನೆಯದರಲ್ಲಿ ಇಮ್ಮಡಿ. ಆದ್ದರಿಂದಲೇ ಸಂಜೆಯ ವೇಳೆ ಎಲ್ಲರೂ ಒಟ್ಟಿಗೆ ದೀಪ ಹಚ್ಚಿ ಒಲೆಯನ್ನು ಹೂಡಿದಾಗ ಮಾರ್ಗಗಳು ಹೆಚ್ಚು ನರಳುತ್ತವೆ. ಪಾವಗಡದಲ್ಲಿರುವ 2,050 ಮೆಗಾವಾಟಿನ ಸೌರ ವಿದ್ಯುತ್ ಕ್ಷೇತ್ರದಂಥ ಕಡೆಗಳಲ್ಲಿ ಇದೇ ತೊಡಕು ಬೇರೆ ರೂಪದಲ್ಲಿ ಬರುತ್ತದೆ: ನಡುಹಗಲಿನಲ್ಲಿ ತುಂಬಿ ಹರಿಯುವ ತಂತಿಗಳು ರಾತ್ರಿಯೆಲ್ಲ ಬರಿದು.

ಕೆಲಸವನ್ನೇ ಮಾಡದೆ ದಾರಿಯನ್ನು ತುಂಬುವ ಪ್ರವಾಹವೂ ಒಂದುಂಟು. ಮೋಟಾರು ತನ್ನ ಕಾಂತಕ್ಷೇತ್ರವನ್ನು ಹುಟ್ಟಿಸಿಕೊಳ್ಳಲು ಎಳೆದುಕೊಂಡು, ಸೆಕೆಂಡಿನ ನೂರನೆಯ ಭಾಗದೊಳಗೆ ಹಿಂದಿರುಗಿಸಿಬಿಡುವ ಪ್ರವಾಹ ಅದು. ಶಕ್ತಿಯೇನೋ ಮರಳಿತು, ಆದರೆ ಹೋಗುವಾಗಲೂ ಬರುವಾಗಲೂ ತಂತಿಯನ್ನು ಕಾಯಿಸಿಯೇ ಹೋಯಿತು. ಮೋಟಾರಿನ ಪವರ್ ಫ್ಯಾಕ್ಟರು 0.7 ಇದ್ದರೆ ತಂತಿಯ ನಷ್ಟವು ಇರಬೇಕಾದುದಕ್ಕಿಂತ ಎರಡು ಮಡಿಯಾಗುತ್ತದೆ. ಮೋಟಾರಿನ ಪಕ್ಕದಲ್ಲಿಯೇ ತಕ್ಕ ಕೆಪಾಸಿಟರನ್ನು ಕೂಡಿಸಿದರೆ ಆ ಕೊಡುಕೊಳ್ಳುವಿಕೆ ಅವೆರಡರ ನಡುವೆಯೇ ಮುಗಿದುಹೋಗುತ್ತದೆ. ಬೆಲೆ ಅಲ್ಪ, ಫಲ ದೊಡ್ಡದು. ಆದರೂ ಅದಿಲ್ಲದೆ ಓಡುತ್ತಿರುವ ಪಂಪುಗಳು ಎಷ್ಟೋ.

ಒತ್ತಡಕ್ಕೆ ಮೇರೆ ಎಲ್ಲಿ?

ಒತ್ತಡವನ್ನು ಏರಿಸುತ್ತಲೇ ಹೋಗಬಾರದೇಕೆ? ಮೊದಲನೆಯದಾಗಿ ಪಿಂಗಾಣಿಯ ಸರಗಳು ಉದ್ದವಾಗಬೇಕು, ಗೋಪುರಗಳು ಎತ್ತರವಾಗಬೇಕು, ಅವುಗಳ ಕೆಳಗಿನ ಜಮೀನಿನ ಪಟ್ಟೆ ಅಗಲವಾಗಬೇಕು. ಅದಕ್ಕಿಂತ ಸ್ವಾರಸ್ಯವಾದುದು ಗಾಳಿಯ ವರ್ತನೆ. ಲಕ್ಷಗಟ್ಟಲೆ ವೋಲ್ಟಿನ ತಂತಿಯ ಮೈಯಲ್ಲಿ ವಿದ್ಯುತ್‌ಕ್ಷೇತ್ರವು ಎಷ್ಟು ಪ್ರಬಲವಾಗಿರುತ್ತದೆಂದರೆ ಪಕ್ಕದ ಗಾಳಿಯ ಅಣುಗಳೇ ಒಡೆದು ಅಯಾನುಗಳಾಗುತ್ತವೆ. ಮಳೆಗಾಲದ ಇರುಳಿನಲ್ಲಿ ಅಂಥ ಮಾರ್ಗದ ಕೆಳಗೆ ನಿಂತವರಿಗೆ ಬಾಣಲೆಯಲ್ಲಿ ಒಗ್ಗರಣೆ ಸಿಡಿಯುವಂಥ ಸದ್ದು ಕೇಳಿಸುವುದು ಇದರಿಂದಲೇ. ಕತ್ತಲೆ ಚೆನ್ನಾಗಿದ್ದರೆ ನಸುನೇರಳೆಯ ಬೆಳಕೂ ಕಾಣಬಹುದು. ಇದಕ್ಕೆ ಕೊರೋನಾ ಎಂದು ಹೆಸರು, ಎಂದರೆ ಕಿರೀಟ. ಇದೂ ನಷ್ಟವೇ. ತಂತಿಯು ದಪ್ಪವಾದಷ್ಟೂ ಅದರ ಮೈಯ ಮೇಲಿನ ಕ್ಷೇತ್ರ ಸಡಿಲವಾಗುವುದರಿಂದ, ಒಂದೇ ದಪ್ಪ ತಂತಿಯ ಬದಲು ಎರಡು, ನಾಲ್ಕು, ಆರು ತಂತಿಗಳನ್ನು ತುಸು ದೂರದಲ್ಲಿ ಕಟ್ಟಾಗಿ ಹಿಡಿದು ಎಳೆಯುತ್ತಾರೆ. ವಿದ್ಯುತ್‌ಕ್ಷೇತ್ರಕ್ಕೆ ಆ ಕಟ್ಟು ಒಂದೇ ಮಹಾತಂತಿಯಂತೆ ತೋರುತ್ತದೆ. ರಸ್ತೆಯಲ್ಲಿ ಹೋಗುವಾಗ ತಲೆಯೆತ್ತಿ ಎಣಿಸಿ ನೋಡಿ: ನಾಲ್ಕು ಲಕ್ಷ ವೋಲ್ಟಿನ ಮಾರ್ಗದಲ್ಲಿ ಸಾಮಾನ್ಯವಾಗಿ ಜೋಡಿತಂತಿಗಳು ಕಾಣುತ್ತವೆ.

ತಂತಿಯು ಇಂದು ತಾಮ್ರವಲ್ಲ, ಅಲ್ಯೂಮಿನಿಯಮ್. ಅದರ ವಾಹಕತ್ವ ತಾಮ್ರದ ನೂರಕ್ಕೆ ಅರವತ್ತೊಂದು ಮಾತ್ರ; ಆದರೆ ಅಷ್ಟೇ ರೋಧಕ್ಕೆ ಬೇಕಾದ ದಪ್ಪನೆಯ ಅಲ್ಯೂಮಿನಿಯಮ್ ತಂತಿಯ ತೂಕವು ತಾಮ್ರದ ಅರ್ಧದಷ್ಟಾಗುತ್ತದೆ. ಗಟ್ಟಿತನಕ್ಕೆ ನಡುವೆ ಉಕ್ಕಿನ ಎಳೆಗಳು.

ದೂರವು ಬಹಳ ಹೆಚ್ಚಿದಾಗ ಪರ್ಯಾಯ ಪ್ರವಾಹವೇ ತೊಡಕಾಗುತ್ತದೆ. ಉದ್ದನೆಯ ತಂತಿಯೊಂದು ತಾನೇ ಕೆಪಾಸಿಟರಿನಂತೆ ವರ್ತಿಸುತ್ತದೆ. ಸೆಕೆಂಡಿಗೆ ಐವತ್ತು ಸಲ ಅದನ್ನು ತುಂಬಿ ಬರಿದುಮಾಡುವ ವ್ಯರ್ಥ ಪ್ರವಾಹವು ದಾರಿಯನ್ನು ಆಕ್ರಮಿಸಿಕೊಳ್ಳುತ್ತದೆ. ಅಷ್ಟೇ ಅಲ್ಲದೆ ಪಿಂಗಾಣಿಯು ತಡೆಯಬೇಕಾದುದು ಒತ್ತಡದ ಶಿಖರವನ್ನು. ಶಕ್ತಿಯನ್ನು ಸಾಗಿಸುವುದು ಅದಕ್ಕಿಂತ ನೂರಕ್ಕೆ ಮೂವತ್ತರಷ್ಟು ಕಡಮೆಯಾದ ಸಫಲ ಒತ್ತಡ. ಏಕಮುಖ ಪ್ರವಾಹಕ್ಕೆ ಈ ಎರಡು ತೊಂದರೆಗಳೂ ಇಲ್ಲ. 1882ರಲ್ಲಿ ಸೋತಿದ್ದ ಏಕಮುಖ ಪ್ರವಾಹವು, ಒತ್ತಡವನ್ನು ಬದಲಿಸಬಲ್ಲ ವಿದ್ಯುತ್ ಕವಾಟಗಳು ಸಿದ್ಧವಾದ ಮೇಲೆ, ದೂರದ ದಾರಿಗಳಿಗೆ ಮರಳಿ ಬಂದಿತು. ಎರಡು ತುದಿಗಳಲ್ಲಿಯೂ ಪರಿವರ್ತನಾ ಕೇಂದ್ರಗಳ ಖರ್ಚು ದೊಡ್ಡದಾದುದರಿಂದ ನೂರಿನ್ನೂರು ಕಿಲೋಮೀಟರಿಗೆ ಅದು ಗಿಟ್ಟುವುದಿಲ್ಲ. ಆರುನೂರು ಎಂಟುನೂರು ದಾಟಿದ ಮೇಲೆ ಲಾಭ.

ಇದರ ಒಂದು ದೊಡ್ಡ ನಿದರ್ಶನ ಮತ್ತೆ ಕೋಲಾರದಲ್ಲಿಯೇ ಇದೆ. ಒಡಿಶಾದ ತಾಲ್ಚೇರಿನಲ್ಲಿ ಕಲ್ಲಿದ್ದಲಿನಿಂದ ಹುಟ್ಟಿದ ವಿದ್ಯುತ್ತು ಸುಮಾರು 1,370 ಕಿಲೋಮೀಟರು ದಾರಿಯನ್ನು ಏಕಮುಖ ಪ್ರವಾಹವಾಗಿ ನಡೆದು ಕೋಲಾರದ ಬಳಿ ಪರ್ಯಾಯ ಪ್ರವಾಹವಾಗಿ ಮಾರ್ಪಡುತ್ತದೆ. 2003ರಲ್ಲಿ ಆರಂಭವಾದ ಈ ಮಾರ್ಗದಲ್ಲಿ ಒಂದು ತಂತಿಯು ನೆಲಕ್ಕಿಂತ ಐದು ಲಕ್ಷ ವೋಲ್ಟ್ ಮೇಲೆ, ಇನ್ನೊಂದು ಐದು ಲಕ್ಷ ಕೆಳಗೆ. ನಡುವಿನ ಅಂತರ ಹತ್ತು ಲಕ್ಷ. ಮೊದಲ ಗಾತ್ರವಾದ 2,000 ಮೆಗಾವಾಟಿಗೆ 2,000 ಆಂಪೇರ್ ಸಾಕು. ಅದನ್ನೇ 1902ರ ಮೂವತ್ತೈದು ಸಾವಿರ ವೋಲ್ಟಿನ ಒತ್ತಡದಲ್ಲಿ ಎರಡು ತಂತಿಗಳ ಮೇಲೆ ತರಬೇಕಾಗಿದ್ದರೆ 57,000 ಆಂಪೇರ್ ಬೇಕಾಗುತ್ತಿತ್ತು. ಶಿವನಸಮುದ್ರದ ವಿದ್ಯುತ್ತು ಹುಡುಕಿಕೊಂಡು ಬಂದ ಚಿನ್ನದ ಗಣಿಗಳು ಆ ಹೊತ್ತಿಗೆ ಮುಚ್ಚಿ ಎರಡು ವರ್ಷಗಳಾಗಿದ್ದುವು.

ಕೊನೆಯ ಒಂದು ಕಿಲೋಮೀಟರು

ಇಷ್ಟೆಲ್ಲ ಕುಶಲತೆಯ ಫಲವಾಗಿ ರಾಜ್ಯದಿಂದ ರಾಜ್ಯಕ್ಕೆ ಹಾಯುವ ನಮ್ಮ ದೇಶದ ಮಹಾಮಾರ್ಗಗಳಲ್ಲಿ ನಷ್ಟವು ನೂರಕ್ಕೆ ಮೂರು ನಾಲ್ಕರ ಆಸುಪಾಸಿನಲ್ಲಿದೆ. ಹಾಗಿದ್ದರೆ ಒಟ್ಟು ನಷ್ಟವು ಅದಕ್ಕಿಂತ ಎಷ್ಟೋ ಹೆಚ್ಚಾಗಿರುವುದೇಕೆ? ದೂರದ ದಾರಿಯಲ್ಲಿ ಉಳಿಸಿದ್ದನ್ನು ಮನೆಬಾಗಿಲಿನಲ್ಲಿ ಚೆಲ್ಲುತ್ತೇವೆ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದಲ್ಲಿ ಹೆಚ್ಚು ಗಮನಕ್ಕೆ ಬರಬೇಕಾದ ಭಾಗ ಇದೇ.

ಒಂದು ಹಳ್ಳಿಯ ಟ್ರಾನ್ಸ್‌ಫಾರ್ಮರಿನಿಂದ ಒಂದು ಕಿಲೋಮೀಟರು ದೂರದಲ್ಲಿ ಐದೈದು ಅಶ್ವಶಕ್ತಿಯ ಹತ್ತು ಪಂಪುಗಳಿವೆ. ತಂತಿಯು 400 ವೋಲ್ಟಿನದು. ರೋಧ ಅರ್ಧ ಓಮಿಗಿಂತ ತುಸು ಹೆಚ್ಚು, 0.55 ಎನ್ನೋಣ. ಪಂಪೊಂದಕ್ಕೆ ಎಂಟು ಆಂಪೇರಿನಂತೆ ಎಲ್ಲವೂ ಒಟ್ಟಿಗೆ ನಡೆದರೆ 80 ಆಂಪೇರ್. ಪಂಪುಗಳಿಗೆ ದೊರೆಯುವುದು ಸುಮಾರು 45 ಕಿಲೋವಾಟ್. ಆ ಒಂದು ಕಿಲೋಮೀಟರಿನಲ್ಲಿ ಕರಗುವುದು ಹತ್ತೂವರೆ ಕಿಲೋವಾಟ್! ಶಿವನಸಮುದ್ರದಿಂದ ಕೋಲಾರದವರೆಗೆ ಆಗುತ್ತಿದ್ದುದಕ್ಕಿಂತ ಹೆಚ್ಚಿನ ಪ್ರಮಾಣದ ನಷ್ಟವು ಇಲ್ಲಿ ಕೂಗಳತೆಯ ದೂರದಲ್ಲಿ ಆಗಿಹೋಯಿತು. ಒತ್ತಡವೂ 400ರಿಂದ 325ರ ಬಳಿಗೆ ಕುಸಿಯುತ್ತದೆ. ಒತ್ತಡ ಕುಸಿದರೆ ಮೋಟಾರು ಅದೇ ಕೆಲಸಕ್ಕೆ ಹೆಚ್ಚು ಪ್ರವಾಹವನ್ನು ಎಳೆಯುತ್ತದೆ, ತಂತಿ ಇನ್ನಷ್ಟು ಕಾಯುತ್ತದೆ, ಒತ್ತಡ ಮತ್ತೂ ಕುಸಿಯುತ್ತದೆ. ಕೊನೆಯ ಹೊಲದವನ ಮೋಟಾರಿನ ಸುರುಳಿ ಸುಡುವುದು ಹೀಗೆ. ಬೇಸಿಗೆಯ ನಡುವೆ, ಬೆಳೆ ನೀರಿಗಾಗಿ ಬಾಯಿಬಿಡುತ್ತಿರುವಾಗ, ಸುಟ್ಟ ಮೋಟಾರನ್ನು ಪಟ್ಟಣಕ್ಕೆ ಹೊತ್ತೊಯ್ದು ಹೊಸದಾಗಿ ಸುತ್ತಿಸಿ ತರುವ ವೇಳೆಗೆ ವಾರ ಕಳೆದಿರುತ್ತದೆ. ಆ ಖರ್ಚೂ ಆ ಬೆಳೆಯೂ ಯಾವ ವಿದ್ಯುತ್ ನಷ್ಟದ ಪಟ್ಟಿಯಲ್ಲಿಯೂ ಸೇರುವುದಿಲ್ಲ.

ಪರಿಹಾರವು 1891ರದೇ. 11,000 ವೋಲ್ಟಿನ ತಂತಿಯನ್ನೇ ಹೊಲದವರೆಗೆ ಒಯ್ದು, ಎರಡು ಮೂರು ಪಂಪುಗಳಿಗೆ ಒಂದರಂತೆ ಚಿಕ್ಕ ಟ್ರಾನ್ಸ್‌ಫಾರ್ಮರುಗಳನ್ನು ಕಂಬದ ಮೇಲೆ ಕೂಡಿಸುವುದು. ಅದೇ ಶಕ್ತಿಗೆ ಆಗ ಪ್ರವಾಹವು ಮೂರು ಆಂಪೇರಿಗಿಂತ ಕಡಮೆ. ಅದೇ ತಂತಿಯಲ್ಲಿ ನಷ್ಟವು ಹತ್ತೂವರೆ ಸಾವಿರ ವಾಟಿನಿಂದ ಹದಿನಾಲ್ಕು ವಾಟಿಗೆ ಇಳಿಯುತ್ತದೆ. ಇದು ಅಚ್ಚಿನ ತಪ್ಪಲ್ಲ. ಆದರೆ ಚಿಕ್ಕ ಟ್ರಾನ್ಸ್‌ಫಾರ್ಮರುಗಳಿಗೆ ತಮ್ಮದೇ ಆದ ಹಸಿವುಂಟು: ಪಂಪು ನಡೆಯಲಿ ಬಿಡಲಿ, ಅವುಗಳ ಕಬ್ಬಿಣದ ತಿರುಳನ್ನು ಕಾಂತಗೊಳಿಸಲು ಹಗಲಿರುಳೂ ಒಂದಿಷ್ಟು ಶಕ್ತಿ ಬೇಕು. ಅವುಗಳ ಬೆಲೆಯೂ ಕಂಬಗಳ ಬೆಲೆಯೂ ಇದ್ದೇ ಇದೆ. ಮತ್ತೆ ಕೆಲ್ವಿನನ ತಕ್ಕಡಿಯನ್ನೇ ಹಿಡಿಯಬೇಕು. ದಿನಕ್ಕೆ ಆರೇಳು ಗಂಟೆ ನಡೆಯುವ ಪಂಪುಗಳ ಗುಂಪಿಗೆ ಅದು ಬಹುಮಟ್ಟಿಗೆ ಹೊಸ ಏರ್ಪಾಡಿನ ಕಡೆಗೇ ಬಾಗುತ್ತದೆ.

ತೂಗಬೇಕಾದರೆ ಅಳೆಯಬೇಕು. ಹೊರಟದ್ದರಲ್ಲಿ ಮುಟ್ಟಿದ್ದನ್ನು ಕಳೆದರೆ ನಷ್ಟ. ಮುಟ್ಟಿದ್ದು ಎಷ್ಟೆಂದು ಹೇಳಲು ಆ ತುದಿಯಲ್ಲಿ ಮೀಟರಿರಬೇಕು. ಕರ್ನಾಟಕದಲ್ಲಿ 2008ರಿಂದ ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತು ಉಚಿತ. ಅವುಗಳಲ್ಲಿ ಬಹುಪಾಲಿಗೆ ಮೀಟರಿಲ್ಲ. ಆದುದರಿಂದ ಪಂಪುಗಳು ಬಳಸಿದ್ದು ಇಷ್ಟು, ತಂತಿಯು ನುಂಗಿದ್ದು ಇಷ್ಟು, ನಡುವೆ ಕಳವಾದದ್ದು ಇಷ್ಟು ಎಂಬ ಮೂರು ಬೇರೆಬೇರೆ ಸಂಖ್ಯೆಗಳು ಒಂದರೊಳಗೊಂದು ಸೇರಿಕೊಂಡಿವೆ. ಅಲ್ಲಲ್ಲಿ ಟ್ರಾನ್ಸ್‌ಫಾರ್ಮರುಗಳಿಗೇ ಮೀಟರನ್ನು ಜೋಡಿಸಿ, ಕೆಲವು ಪಂಪುಗಳ ಬಳಕೆಯನ್ನು ಮಾದರಿಯಾಗಿ ಅಳೆದು, ಉಳಿದವುಗಳಿಗೆ ಅಂದಾಜು ಕಟ್ಟುವ ಕೆಲಸ ನಡೆಯುತ್ತಿದೆ.